ಒತ್ತುವ ಮೊದಲೇ ಹತ್ತಿದ ದೀಪ

ಬಾಗಿಲು ಹಾಕ್ಕೊಂಡು ಬನ್ನಿ, ಗಾಳಿ ಬರ್ತಿದೆ. ಹಾಂ... ಕೂತ್ಕೊಳ್ಳಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸೋ ಕೆಲಸ ಅವನದು. ಊರವರಿಗೆಲ್ಲ ಕನ್ನಡಕ ಮಾಡಿಕೊಟ್ಟವನು, ತಾನು ಮಾತ್ರ ಒಂದು ದಿನ ಹಾಕಿದವನಲ್ಲ. ಆದರೂ ನಾವು ಅವನನ್ನ ಕರೆಯೋದು ಕನ್ನಡಕ ಅಂತಲೇ.

ಆವತ್ತು ಅಂಗಡಿ ಮುಚ್ಚಿ ಮನೆ ಕಡೆ ಹೊರಟಾಗ ಪೂರ್ತಿ ಕತ್ತಲು. ಕಂಕುಳಲ್ಲಿ ಒಂದು ರಟ್ಟಿನ ಡಬ್ಬಿ. ಅವನ ಬಾಡಿಗೆ ಕೋಣೆಯ ಓನರ್ ಮನೆ ಪಕ್ಕದ ಓಣಿಗೆ ಇಳಿದ. ಓಣಿಯ ಕೊನೆಗೆ ಬಾವಿ, ಬಾವಿ ದಾಟಿದರೆ ಇವನ ಕೋಣೆ. ಆ ಬಾವಿಯಲ್ಲಿ ನೀರು ಸೇದೋದು ಯಾವತ್ತೋ ನಿಂತಿತ್ತು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ರು, ಹಗ್ಗವೂ ಇಲ್ಲ. ಆದರೆ ರಾಟೆ ಹಾಗೇ ಉಳಿದಿತ್ತು, ಗಾಳಿಗೆ ತಿರುಗೋದು. ಕಿರ್ರ್... ಸ್ವಲ್ಪ ಹೊತ್ತು ಸುಮ್ಮನೆ... ಮತ್ತೆ ಕಿರ್ರ್. ಆವತ್ತೂ ತಿರುಗ್ತಿತ್ತು, ಆದರೆ ಒಂದೆಲೆ ಅಲ್ಲಾಡೋವಷ್ಟೂ ಗಾಳಿ ಇರಲಿಲ್ಲ. ಅದು ಇವನಿಗೆ ಹೊಳೆದದ್ದು ಎಷ್ಟೋ ದಿನ ಆದಮೇಲೆ. ಆಗ ತಲೆಯಲ್ಲಿ ಇದ್ದದ್ದು ಎಂಟು ಗಂಟೆ ಒಂದೇ.

ಎಂಟು ಗಂಟೆಗೆ ಮಗಳ ವಿಡಿಯೋ ಕಾಲ್. ಇವನೂ ಹೆಂಡತಿಯೂ ಬೇರೆಯಾಗಿದ್ರು. ದೊಡ್ಡ ಜಗಳ ಏನಿಲ್ಲ, ಹೊಂದಲಿಲ್ಲ, ಅಷ್ಟೆ. ಮಗಳು ಅಮ್ಮನ ಜೊತೆ ಬೇರೆ ಊರಲ್ಲಿ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಸಿಗೋ ಊರು. ಆಗಿನ್ನೂ ಒಂದನೇ ಕ್ಲಾಸು. ಇವನ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಸಿಗೋದಿಲ್ಲ. ಓನರ್ ತಮ್ಮ ವೈಫೈ ಬಳಸ್ಕೊಳ್ಳಿ ಅಂದಿದ್ರು, ಆದರೆ ರೂಟರ್ ಇದ್ದದ್ದು ಅವರ ಹಜಾರದಲ್ಲಿ. ನಡುವೆ ಗೋಡೆ ಮೇಲೆ ಗೋಡೆ, ಆಮೇಲೆ ಅಂಗಳ, ಆಮೇಲೆ ಬಾವಿ. ಮಗಳ ಮುಖ ಬಾಯಿ ಅರ್ಧ ತೆರೆದುಕೊಂಡು ಹಾಗೇ ನಿಂತುಬಿಡೋದು. ಇವನು "ಪುಟ್ಟಿ, ಕೇಳಿಸ್ತಿದ್ಯಾ? ಪುಟ್ಟಿ..." ಅಂತ ಟ್ಯಾಬ್ಲೆಟ್ ಮುಂದೆ ಕೂಗ್ತಾ ಕೂರೋದು.

ಹಿಂದಿನ ದಿನ ಹೆಂಡತಿ ಅಂದಿದ್ದಳು, "ಅವಳಿಗೂ ಬೇಜಾರಾಗುತ್ತೆ. ಹೀಗೇ ಆದ್ರೆ ದಿನಾ ಬೇಡ, ವಾರಕ್ಕೊಂದ್ಸಲ ಮಾಡೋಣ."

ಆ ಮಾತಿಗೆ ಇವನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಗಿರಾಕಿಗಳ ಹತ್ರ "ಮೂಗಿನ ಮೇಲೆ ಸರಿಯಾಗಿ ಕೂತಿದ್ಯಾ" ಅನ್ನೋದು ಬಿಟ್ಟರೆ ದಿನದಲ್ಲಿ ಅವನು ಬಾಯಿ ಬಿಡ್ತಿದ್ದದ್ದೇ ಆ ಎಂಟು ಗಂಟೆಗೆ. ಅದೂ ಹೋದ್ರೆ ಏನು ಉಳೀತು ಹೇಳಿ.

ಹಾಗಾಗಿ ಆ ಡಬ್ಬಿ. ಅದನ್ನ ಮಾರಿದ ಅಂಗಡಿಯವನು ಚೆನ್ನಾಗೇ ಹೇಳಿಕೊಟ್ಟಿದ್ದ. "ಕರೆಂಟ್ ತಂತಿಯೊಳಗೇ ಇಂಟರ್ನೆಟ್ ಹರಿಯುತ್ತೆ ಸಾರ್. ಒಂದು ಅಡಾಪ್ಟರ್ ರೂಟರ್ ಪಕ್ಕ, ಇನ್ನೊಂದು ನಿಮ್ಮ ಕೋಣೇಲಿ. ಎರಡನ್ನೂ ಗೋಡೆ ಸಾಕೆಟ್ಟಿಗೇ ಚುಚ್ಚಿ, ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಇದರ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಅದರ ಗುಂಡಿ ಒತ್ತಿ, ಜೋಡಿ ಆಗುತ್ತೆ. ನೀವು ಎರಡನೇದು ಒತ್ತೋ ಮೊದಲೇ ದೀಪ ನಿಂತ್ರೆ ಮಾತ್ರ ರೀಸೆಟ್ ಮಾಡಿಬಿಡಿ. ಬೇರೆ ಯಾರದೋ ಸೇರ್ಕೊಂಡಿದೆ ಅಂತ ಅರ್ಥ."

ಓನರ್ ಬಸ್ ಕಂಡಕ್ಟರ್ ಆಗಿದ್ದವರು. ಹೆಂಡತಿ ಬೇಗ ಮಲಗ್ತಾರೆ ಅಂತ ಸಂಜೆ ಆದಮೇಲೆ ಪಿಸುಗುಡೋದೇ ಅಭ್ಯಾಸ. "ಬನ್ನಿ ಬನ್ನಿ, ಚುಚ್ಚಿಕೊಳ್ಳಿ," ಅಂತ ಪಿಸುಗುಟ್ಟಿ ಹಜಾರದ ದೀಪ ಹಾಕಿಕೊಟ್ಟರು.

ಕನ್ನಡಕ ಮೊದಲನೇದನ್ನ ಚುಚ್ಚಿ, ಕೇಬಲ್ ಹಾಕಿ, ಗುಂಡಿ ಒತ್ತಿದ. ದೀಪ ಮಿಟುಕೋಕೆ ಶುರುವಾಯ್ತು. ಎರಡನೇದನ್ನ ಡಬ್ಬಿ ಸಮೇತ ಎತ್ತಿಕೊಂಡು ಓಡಿದ. ಬಾಗಿಲ ಹತ್ರ ಹೋದಾಗ ಹಿಂದಿನಿಂದ ಒಂದು ಸದ್ದು.

ಟಿಕ್.

ತಿರುಗಿ ನೋಡ್ತಾನೆ... ದೀಪ ಮಿಟುಕ್ತಾ ಇಲ್ಲ. ಹಸಿರಾಗಿ ನಿಂತುಬಿಟ್ಟಿದೆ. ಜೋಡಿ ಆಗಿದೆ. ಆದರೆ ಯಾವುದರ ಜೊತೆ? ಇನ್ನೊಂದು ಇವನ ಕೈಯಲ್ಲೇ ಇದೆ, ಅದರ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ.

"ಸಾರ್, ನಿಮ್ಮನೇಲಿ ಇಂಥದ್ದು ಇನ್ನೊಂದು ಇದ್ಯಾ?"

"ನಮಗೆಲ್ಲಿಂದ ಬರ್ಬೇಕು," ಅಂದ್ರು ಓನರ್.

ರೀಸೆಟ್ ಮಾಡಬೇಕಿತ್ತು. ಅಷ್ಟೇ ಕೆಲಸ. ಆದರೆ ಗಡಿಯಾರ ನೋಡಿದರೆ ಎಂಟಾಗ್ತಾ ಬಂದಿದೆ, ಇವತ್ತೂ ಕಾಲ್ ಕೆಟ್ಟರೆ ವಾರಕ್ಕೊಂದೇ. ಹಾಳಾಗಿಹೋಗಲಿ, ನಾಳೆ ನೋಡೋಣ ಅಂತ ಕೋಣೆಗೆ ಓಡಿ ಎರಡನೇದನ್ನೂ ಚುಚ್ಚಿ ಗುಂಡಿ ಒತ್ತಿದ. ಅದೂ ಹಸಿರಾಯ್ತು. ಫೋನಿನ ಆ್ಯಪ್ ತೆಗೆದು ನೋಡಿದರೆ ಮೂರು ಅಡಾಪ್ಟರ್ ತೋರಿಸ್ತಿದೆ. ಹಜಾರ. ಹಿಂದಿನ ಕೋಣೆ. ಮೂರನೇದಕ್ಕೆ ಹೆಸರಿಲ್ಲ.

ಅಷ್ಟರಲ್ಲಿ ಟ್ಯಾಬ್ಲೆಟ್ ಬಡ್ಕೊಳ್ತು. ಮಗಳ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಹೊಸದಾಗಿ ಬಿದ್ದ ಹಲ್ಲಿನ ಜಾಗ ಕೂಡ ಕಂಡಿತು. ಇವನಿಗೆ ಅಳುವೇ ಬಂತು. ಮೂರನೇದನ್ನ ಮರೆತೇಬಿಟ್ಟ.

ಆಮೇಲೆ ಮಗಳು ಬದಲಾದಳು. ಮೊದಲು "ಹೂಂ", "ಇಲ್ಲ" ಅಂತಿದ್ದವಳು ಈಗ ಕಿಲಕಿಲ ನಗೋಳು, ಪ್ರಶ್ನೆ ಮೇಲೆ ಪ್ರಶ್ನೆ. ಇವನು "ಊಟ ಆಯ್ತಾ" ಅಂದರೆ ಅಷ್ಟಕ್ಕೇ ಹೊಟ್ಟೆ ಹಿಡ್ಕೊಂಡು ನಗೋಳು. ಇವನು ಸುಮ್ಮನಿದ್ದಾಗಲೂ ತಲೆ ಅಲ್ಲಾಡಿಸಿ ಏನೋ ಕೇಳಿಸ್ಕೊಳ್ಳೋಳು. ಮಾತು ಹಿಂದೆ ಮುಂದೆ ತಲುಪ್ತಿದೆ, ನೆಟ್ವರ್ಕಿನ ಆಟ ಅಂದುಕೊಂಡ. ಸಂತೋಷ ಇದ್ದಾಗ ಯಾರು ಕೆದಕ್ತಾರೆ, ನೀವೇ ಹೇಳಿ. ಅಂಗಡಿಯಲ್ಲಿ ಗಾಜು ಉಜ್ಜುವಾಗ ಒಬ್ಬನೇ ನಗ್ತಿದ್ದನಂತೆ ಆ ದಿನಗಳಲ್ಲಿ.

ಆಮೇಲೊಂದು ಸಂಜೆ ಅಂಗಡಿಯಲ್ಲಿ ಕೆಲಸ ಹೆಚ್ಚಾಗಿ ತಡವಾಯ್ತು. ಫೋನಿನ ಚಾರ್ಜೂ ಖಾಲಿ. ಓಡಿ ಬರ್ತಾನೆ, ಇಡೀ ಬೀದಿಯಲ್ಲಿ ಕರೆಂಟಿಲ್ಲ. ಓಣಿಯಲ್ಲಿ ತನ್ನ ಕಾಲಡಿಯ ಜಲ್ಲಿ ಕರಕರ ಅನ್ನೋದು ಬಿಟ್ಟರೆ ಸದ್ದಿಲ್ಲ. ಓನರ್ ಕಟ್ಟೆ ಮೇಲೆ ಮೇಣದಬತ್ತಿ ಇಟ್ಟುಕೊಂಡು ಕೂತಿದ್ರು. ಅವರ ಫೋನ್ ಇಸ್ಕೊಂಡು, ಸಿಗ್ನಲ್ ಸಿಗೋ ಬಾವಿ ಹತ್ರ ನಿಂತು ಹೆಂಡತಿಗೆ ಹಚ್ಚಿದ.

"ಸಾರಿ, ಇವತ್ತು ತುಂಬಾ ತಡ ಆಗೋಯ್ತು..."

"ಯಾವುದಕ್ಕೆ ಸಾರಿ?" ಅಂದಳು ಅವಳು. "ಈಗ ತಾನೇ ಅಷ್ಟುದ್ದ ಕತೆ ಹೇಳಿ ಇಟ್ರಲ್ಲ. ನಿಮ್ಮ ಕಡೆ ಬರೀ ಕತ್ತಲಿತ್ತು, ಮುಖ ಕಾಣಿಸ್ಲಿಲ್ಲ ಅಷ್ಟೆ. ಅವಳು ನಗ್ತಾ ನಗ್ತಾ ಮಲಗಿದ್ಲು."

ಇವನು ಕಟ್ಟೆ ಹತ್ರ ವಾಪಸ್ ಬಂದ. ಫೋನ್ ಕೊಟ್ಟು ಮೆಲ್ಲಗೆ ಕೇಳಿದ, "ಸಾರ್... ಕರೆಂಟ್ ಯಾವಾಗ ಹೋಯ್ತು?"

"ಆಗಲೇ, ಹೊತ್ತು ಮುಳುಗೋ ಮೊದಲೇ. ಇನ್ನೂ ಬಂದಿಲ್ಲ."

ಕರೆಂಟಿಲ್ಲದ ಮೇಲೆ ರೂಟರ್ ಇಲ್ಲ. ಅಡಾಪ್ಟರ್ ಇಲ್ಲ. ಕೋಣೆಗೆ ಬೀಗ, ಬೀಗದ ಕೈ ಇವನ ಜೇಬಲ್ಲಿ.

"ಆ ಕೋಣೇಲಿ ನನಗಿಂತ ಮುಂಚೆ ಯಾರಿದ್ರು ಸಾರ್?"

"ಯಾರೂ ಇರ್ಲಿಲ್ಲಪ್ಪ. ಹಳೇ ಸಾಮಾನು ತುಂಬಿದ್ವಿ. ಯಾಕೆ?"

"ಏನಿಲ್ಲ," ಅಂದ ಕನ್ನಡಕ. ಬೀಗ ತೆಗೆದು ಒಳಗೆ ಹೋದ. ಕುರ್ಚಿ ಟ್ಯಾಬ್ಲೆಟ್ ಎದುರಿಗೆ ಬಂದಿತ್ತು. ಅವನು ಬೆಳಿಗ್ಗೆ ಬಿಟ್ಟು ಹೋದದ್ದು ಕಿಟಕಿ ಹತ್ರ. ಆ ರಾತ್ರಿ ಅವನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತಿದ್ದ.

ಬೆಳಕಾದ ಕೂಡಲೇ ಎರಡೂ ಅಡಾಪ್ಟರ್ ಕಿತ್ತು ಡಬ್ಬಿಗೆ ಹಾಕಿದ. ಸಂಜೆ ಬಾವಿ ಹತ್ರ ನಿಂತು ಫೋನಿಂದಲೇ ಮಾತಾಡಿದ.

"ಅಪ್ಪ, ಛತ್ರಿಗೆ ಆಮೇಲೆ ಏನಾಯ್ತು?"

"ಯಾವ ಛತ್ರಿ ಪುಟ್ಟಿ?"

"ಅದೇ... ಬಸ್ಸಲ್ಲಿ ಯಾರೋ ಮರೆತು ಹೋದ ಛತ್ರಿ. ಒಂದೊಂದೇ ಮನೆ ಬಾಗಿಲು ತಟ್ಟಿ 'ನಾನು ನಿಮ್ಮದಾ' ಅಂತ ಕೇಳುತ್ತಲ್ಲ... ನೀನೇ ಹೇಳಿದ್ದು."

ಇವನು ಏನೇನೋ ಸೇರಿಸಿ ಹೇಳೋಕೆ ನೋಡಿದ. ಮಳೆ ಬಂತು ಅಂದ, ಛತ್ರಿ ನೆನೀತು ಅಂದ. "ಹಾಗಲ್ಲ," ಅಂದಳು ಮಗಳು. ಮತ್ತೊಂದು ಹೇಳಿದ. "ಹಾಗಲ್ಲಪ್ಪ." ಆಮೇಲೆ ಅವಳು ಫೋನ್ ಅಮ್ಮನ ಕಡೆ ಚಾಚಿಬಿಟ್ಟಳು. ಹೆಂಡತಿ ಫೋನ್ ತಗೊಂಡು, "ಇರ್ಲಿ ಬಿಡಿ. ವಾರಕ್ಕೊಂದ್ಸಲ ಸಾಕು ಅನ್ಸುತ್ತೆ," ಅಂದಳು.

ಇಷ್ಟು ದಿನ ಮಗಳು ನಕ್ಕಿದ್ದು ತನ್ನ ಮಾತಿಗಲ್ಲ. ಅದು ಅವನಿಗೆ ಆಗ ಗೊತ್ತಾಯ್ತು. ಹೆದರಿಕೆಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯ್ತು ಅಂತ ಅವನೇ ನನ್ನ ಹತ್ರ ಹೇಳಿದ್ದಾನೆ. ಆ ಕೋಣೆಯಲ್ಲಿರೋದು ಏನು ಹೇಳುತ್ತೋ ಕೇಳಿ ಕಲ್ತುಕೊಳ್ತೀನಿ, ಆಮೇಲೆ ಕತೆ ನಾನೇ ಹೇಳ್ತೀನಿ ಅಂದುಕೊಂಡ. ಹೆಂಡತಿಗೆ ಕೈಮುಗಿದು ಕೇಳಿ ಇನ್ನೊಂದೇ ಒಂದು ದಿನಕ್ಕೆ ಒಪ್ಪಿಸಿದ. ಅಡಾಪ್ಟರ್ ಎರಡನ್ನೂ ಮತ್ತೆ ಚುಚ್ಚಿದ. ಗುಂಡಿ ಒತ್ತೋ ಕೆಲಸವೇ ಬೀಳಲಿಲ್ಲ. ಟಿಕ್... ಹಸಿರು.

ಎಂಟಾಗೋ ಹೊತ್ತಿಗೆ ಕೋಣೆಗೆ ಬೀಗ ಹಾಕಿ, ಬಾಗಿಲ ಹೊರಗೆ ಕೂತ. ಒಳಗೆ ಟ್ಯಾಬ್ಲೆಟ್ ಬಡ್ಕೊಳ್ತು. ನಿಂತಿತು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿತು, ಕರ್ರ್... ಅಂತ. ಆಮೇಲೆ ಮಾತು ಕೇಳಿಸಿತು.

ಅವನದೇ ದನಿ. ಆದರೆ ಆತುರ ಇಲ್ಲ, "ಕೇಳಿಸ್ತಿದ್ಯಾ" ಅನ್ನೋ ಗಾಬರಿ ಇಲ್ಲ. ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವರ ಹಾಗೆ ನಿಧಾನಕ್ಕೆ ಹೇಳ್ತಿತ್ತು. ಛತ್ರಿ ಊರೆಲ್ಲ ಸುತ್ತಿತು. ಎಲ್ಲರೂ "ನಮ್ಮದಲ್ಲ" ಅಂದ್ರು. ಒಬ್ಬರಂತೂ ಬಾಗಿಲೇ ತೆಗೆಯಲಿಲ್ಲ. ಹೊರಗೆ ಕೂತ ಕನ್ನಡಕ ಕೇಳ್ತಾ ಕೇಳ್ತಾ ಒಳಗಿರೋದು ಏನು ಅನ್ನೋದನ್ನೂ ಮರೆತ. ಕೊನೆಗೆ ಛತ್ರಿ ಒಂದು ಪುಟ್ಟ ಹುಡುಗಿಯ ಮನೆ ಮುಂದೆ ಬಂತು. ಬಾಗಿಲು ತಟ್ಟಿತು.

"ಆ ಮನೆಯವರು ಏನಂದ್ರು ಅಪ್ಪ?" ಮಗಳ ದನಿ.

"ಅದನ್ನ..." ಒಳಗಿನದು ಹೇಳಿತು, "ಬೆಳಿಗ್ಗೆ ನಾನೇ ಬಂದು ಹೇಳ್ತೀನಿ."

ಕನ್ನಡಕ ಚಪ್ಪಲಿ ಕೂಡ ಹಾಕಲಿಲ್ಲ. ಓಡಿದ. ಬಸ್ಸಿನಲ್ಲಿ ರಾತ್ರಿಯೆಲ್ಲ ಹೆಂಡತಿಗೆ ಫೋನ್ ಮಾಡಿದ, ಸ್ವಿಚ್ ಆಫ್. ಬೆಳಗಾಗುವಾಗ ಅವಳ ಮನೆ ಮೆಟ್ಟಿಲು ಹತ್ತಿದರೆ ಅಲ್ಲೂ ಕರೆಂಟ್ ಹೋಗಿತ್ತು. ಬಾಗಿಲು ತಟ್ಟಿದ. ಹೆಂಡತಿ ಆಕಳಿಸ್ತಾ ಬಾಗಿಲು ತೆಗೆದಳು.

"ಈಗ ತಾನೇ ಹೊರಟ್ರಲ್ಲ. ಏನು ಮರೆತು ಹೋದ್ರಿ?"

ಇವನು ಅವಳನ್ನ ದಾಟಿಕೊಂಡು ಒಳಗೆ ನುಗ್ಗಿದ. ಮಗಳು ಹಾಸಿಗೆ ಮೇಲೆ ಕೂತಿದ್ದಳು, ಚೆನ್ನಾಗೇ ಇದ್ದಳು, ಒಂದು ಗೀರೂ ಇಲ್ಲ. ತಬ್ಬಿಕೊಂಡು ಅತ್ತ. ಆಮೇಲೆ ಪಿಸುಮಾತಲ್ಲಿ ಕೇಳಿದ, "ಪುಟ್ಟಿ, ಛತ್ರಿ ಬಾಗಿಲು ತಟ್ಟಿತಲ್ಲ... ಆ ಮನೆಯವರು ಏನಂದ್ರು?"

"ಮರೆತೋಯ್ತಾ?" ಅಂದಳು ಅವಳು. "ಒಳಗೆ ಬಾ ಅಂದ್ರು."

ಅವನು ವಾಪಸ್ ಹೋಗಲೇ ಇಲ್ಲ. ಸಾಮಾನನ್ನ ನಾನು ಹೋಗಿ ತಂದೆ. ಈಗ ಅದೇ ಊರಲ್ಲಿ ಬೇರೆ ಕನ್ನಡಕದ ಅಂಗಡಿ, ಮಗಳ ಮನೆಯ ಹತ್ರವೇ ಒಂದು ಕೋಣೆ. ವೈಫೈ ಗೀ‌ಫೈ ಒಂದೂ ಇಟ್ಟಿಲ್ಲ. ದಿನಾ ಸಂಜೆ ಹೋಗಿ ಮಗಳ ಮುಂದೆ ಕೂತು ತನಗೆ ಬಂದಂತೆ ಕತೆ ಹೇಳ್ತಾನೆ. ಅವಳು ಪಾಪ, ಕೇಳ್ತಾಳೆ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಹೋದ ತಿಂಗಳು ನಾನೂ ಆ ಮನೆಗೆ ಹೋಗಿದ್ದೆ, ಇದೇ ಕಣ್ಣಲ್ಲಿ ನೋಡಿದ್ದು. ಕತೆ ಮುಗಿದು ಅವನು "ಬರ್ತೀನಿ ಪುಟ್ಟಿ" ಅಂತ ಎದ್ದ. ನಾನು ಒಳಗೆ ಸೋಫಾದ ಮೇಲೆ ಕೂತಿದ್ದೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದವನು ಅವನೊಬ್ಬನೇ. ಮಗು ಅಲ್ಲಿಗೆ ಹೋಗಿ ಕೈ ಬೀಸಿತು. "ಮೆಟ್ಟಿಲ ಹತ್ರ ಕತ್ತಲಿದೆ," ಅಂದಿತು. "ಇಬ್ರೂ ಹುಷಾರಾಗಿ ಹೋಗಿ."