ಚಕ್ಕುಲಿ ಒರಳಿನ ಮೇಲಿನ ಹೆಸರು

೧೯೭೩ರ ಆಗಸ್ಟ್ ೧೮, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಅಮೆರಿಕದ ನ್ಯೂಆರ್ಕ್ ಊರಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕನ್ನಡದ ದಂಪತಿ ನಿಂತಿದ್ದರು. ಆಕೆಯ ಕೈಯಲ್ಲಿ ಹಿತ್ತಾಳೆಯ ಚಕ್ಕುಲಿ ಒರಳು. ಅದರ ಸೊಟ್ಟಗಾದ ತಳವನ್ನು ಆತ ತನ್ನ ವರ್ಕ್‌ಶಾಪಿನಲ್ಲಿ ಲೋಹ ಸವರುವ ಮಿಲ್ಲಿಂಗ್ ಮಷಿನ್ನಿನಲ್ಲಿ ಸಮ ಮಾಡಬೇಕಿತ್ತು.

“ವೈಸ್‌ನ ಇಕ್ಕಳದಲ್ಲಿ ಬಿಗಿಯಾಗಿ ಹಿಡೀಲೇಬೇಕು ಕೌಸಲ್ಯಾ. ಅಲ್ಲಾಡಿದ್ರೆ ತಿರುಗೋ ಕಟರ್ ಒರಳನ್ನೇ ಕಿತ್ತು ಎಸೆಯುತ್ತೆ.”

“ಅದರ ದವಡೆ ಅಮ್ಮನ ಹೆಸರಿನ ಮೇಲೇ ಕೂರುತ್ತಲ್ಲ ರೀ. ಅಳಿಸಿ ಹೋಗುತ್ತೆ.”

“ಹೋದ್ರೆ ನಾನೇ ಮತ್ತೆ ಕೊರೆದು ಕೊಡ್ತೀನಿ.”

“ಅದು ನಿಮ್ಮ ಅಕ್ಷರ ಆಗುತ್ತೆ. ಇದು ಅಮ್ಮ ಪಾತ್ರೆ ಅಂಗಡೀಲಿ ಪಕ್ಕ ನಿಂತು ಕೊರೆಸಿದ್ದು. ಅವಳು ತೀರಿಕೊಂಡಾಗ್ಲೂ ನನಗೆ ಊರಿಗೆ ಹೋಗೋಕಾಗ್ಲಿಲ್ಲ. ಅವಳ್ದು ಅಂತ ನನ್ನ ಹತ್ರ ಇರೋದು ಇದೊಂದೇ.”

ಆತ ಬಗ್ಗಿ ಆ ಹೆಸರನ್ನು ನೋಡಿದ. ಆಕೆಯೇ ಕೇಳಿದಳು:

“ನಾನೇ ಗಟ್ಟಿಯಾಗಿ ಹಿಡ್ಕೊಂಡ್ರೆ?”

“ಆಮೇಲೆ ಚಕ್ಕುಲಿ ಒತ್ತೋಕೆ ಕೈ ಇರಲ್ಲ ಕಣೇ. ಇರು, ಹೆಸರು ಬಿಟ್ಟು ಅಂಚಿನ ಹತ್ರ ಹಿಡೀತೀನಿ. ಹಿಡಿತ ಕಮ್ಮಿ ಆಗುತ್ತೆ, ತೆಳ್ಳಗೆ ಸವರಿ ಸವರಿ ತೆಗೀಬೇಕು. ಸಾಯಂಕಾಲ ಆಗುತ್ತೆ.”

“ಆಗ್ಲಿ, ಕೂತಿರ್ತೀನಿ. ದವಡೆ ಹೆಸರಿಂದ ಎಷ್ಟು ದೂರ ಇರುತ್ತೆ?”

ಬಸ್ಸು ಬಂತು. ಹತ್ತುವ ಮೊದಲು ಆತ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಒರಳಿನ ಮೇಲಿಟ್ಟು ನೋಡಿದ.

“ಕಾಲು ಇಂಚು.”