ಮುಸ್ಸಂಜೆಯ ತೆರೆದ ಬಾಗಿಲು

ಕಿವಿ ಇದ್ದವರು ಹತ್ತಿರ ಬನ್ನಿ, ನಿದ್ದೆ ಬಂದವರು ಗೋಡೆಗೆ ಒರಗಿ. ಯಾವುದೋ ಕಾಲ, ಯಾವುದೋ ಸೀಮೆ. ಹೆಸರು ಕೇಳಬೇಡಿ.

ಆ ಸೀಮೆಯಲ್ಲಿ ದ್ಯಾವಪ್ಪ ಅಂತೊಬ್ಬ ಕಮ್ಮಾರ. ಕುಲುಮೆಗೆ ಕೆಲಸ ಸಾಲದೆ, ಬಸುರಿ ಹೆಂಡತಿ ಹೊನ್ನವ್ವನ ಜೊತೆ ಘಟ್ಟ ದಾಟಿ ಪರದೇಶಕ್ಕೆ ಹೊರಟ. "ಅಲ್ಲಿಯವರದು ಕಲ್ಲೆದೆ ಕಣಪ್ಪ" ಅಂದಳು ಅತ್ತೆ. "ಸತ್ತರೂ ಮಾತಾಡಿಸೋದಿಲ್ಲ" ಅಂದ ಮಾವ. ಇಬ್ಬರೂ ಘಟ್ಟ ದಾಟಿದವರಲ್ಲ, ಕೇಳಿ.

ದ್ಯಾವಪ್ಪ ಹೋದ, ಮನೆ ಹಿಡಿದ, ಕುಲುಮೆ ಹೂಡಿದ. ಮುಸ್ಸಂಜೆಯಾದರೆ ಹೊನ್ನವ್ವ ದೀಪ ಹಚ್ಚುವಳು, ಅವನು ಎರಡೂ ಕದ ಅಗಲವಾಗಿ ತೆರೆದಿಡುವನು. ಲಕ್ಷ್ಮಿ ಬರೋ ಹೊತ್ತಲ್ಲವೇ?

ಲಕ್ಷ್ಮಿ ಬಂದಳೋ ಇಲ್ಲವೋ, ನೆರೆಯವರಂತೂ ಬರಲಿಲ್ಲ. ಒಬ್ಬ ತಲೆ ತಗ್ಗಿಸಿ ಹೋದ. "ನೋಡಿದೆಯಾ, ಮಾವ ಹೇಳಿದ್ದು ಸುಳ್ಳೇ?" ಅಂದ ದ್ಯಾವಪ್ಪ. ಒಬ್ಬಳು ನಗುತ್ತಿದ್ದ ಮಕ್ಕಳ ಬಾಯಿ ಮುಚ್ಚಿ ಎಳೆದೊಯ್ದಳು. "ನೋಡಿದೆಯಾ, ಅತ್ತೆ ಹೇಳಿದ್ದು ಸುಳ್ಳೇ?" ಪಕ್ಕದ ಮನೆಯ ಮುದುಕಿ ಹೊಸಿಲ ಬಳಿ ಒಂದು ಹೊರೆ ಸೌದೆ ಇಟ್ಟು, ತುಟಿ ಬಿಚ್ಚದೆ ನಡೆದಳು. ದ್ಯಾವಪ್ಪನಿಗೆ ಮೈಯೆಲ್ಲ ಉರಿಯಿತು. "ನೋಡಿದೆಯಾ? ನಮ್ಮನ್ನ ತಿರುಕರು ಅಂದ್ಕೊಂಡಿದಾರೆ."

"ಸೌದೆ ಚೆನ್ನಾಗಿ ಒಣಗಿದೆ, ಒಳಗೆ ತನ್ನಿ" ಅಂದಳು ಹೊನ್ನವ್ವ.

ಆದರೆ ಅವಳಿಗೂ ಒಳಗೊಳಗೇ ಅಂಜಿಕೆ. ತಿಂಗಳು ತುಂಬುತ್ತಿತ್ತು. ಮಾತೇ ಆಡದವರು ಹೆರಿಗೆಗೆ ಬರುತ್ತಾರೆಯೇ? ಊರಿಗೆ ಹಿಂದಿರುಗೋಣ ಅಂತ ಇಬ್ಬರೂ ಗಂಟು ಕಟ್ಟಿದರು.

ಗಂಟು ಕಟ್ಟಿದ ಸಂಜೆಯೇ ನೋವು ಶುರುವಾಯಿತು. ಗಾಳಿ ಬೇರೆ.

"ರೀ, ಕದ ಹಾಕಿ. ಚಳಿ ತಡೆಯೋಕಾಗ್ತಿಲ್ಲ."

"ಮುಸ್ಸಂಜೆಯಲ್ಲಿ ಹಾಕೋದಾ? ಲಕ್ಷ್ಮಿ..."

"ಹೆರೋಳು ಲಕ್ಷ್ಮಿ ಅಲ್ಲ, ನಾನು. ಹಾಕಿ."

ಹಾಕಿದ. ಹಾಕಿದ್ದೇ ತಡ, ದಬದಬ ಬಡಿದ ಸದ್ದು. ತೆಗೆದರೆ ಮುದುಕಿ, ಕೈಯಲ್ಲಿ ಬಿಸಿ ಗಂಜಿ. ಅವಳ ಹಿಂದೆ ಕೇರಿಗೆ ಕೇರಿಯೇ.

"ಅಂತೂ ಸೂತಕ ಕಳೀತಾ ಮಗಾ? ಯಾರು ತೀರಿಕೊಂಡಿದ್ದು?"

"ಯಾರೂ ಸತ್ತಿಲ್ಲವಲ್ಲಜ್ಜಿ."

"ಮತ್ತೆ ದಿನಾ ಮುಸ್ಸಂಜೆ ಯಾಕೆ ಬಾಗಿಲು ತೆರೆದಿಡ್ತಿದ್ದೆ? ಸಾವಾದ ಮನೆಯವರು ತಾನೇ ಹಾಗಿಡೋದು. ಅವರನ್ನ ಮಾತಾಡಿಸಬಾರದು, ಒಲೆ ಆರದ ಹಾಗೆ ಸೌದೆ ಇಟ್ಟು ಬರಬೇಕು. ಘಟ್ಟದಾಚೆಯವರು ಅಳುಬುರುಕರು ಅಂತ ನಮ್ಮಜ್ಜಿ ಹೇಳ್ತಿದ್ದಳು. ಎಷ್ಟು ದಿನ ಅಳ್ತಾರಪ್ಪ ಅಂತ ಕಾದು ಕಾದು ಸಾಕಾಯ್ತು."

ಒಳಗೆ ಹೊನ್ನವ್ವ ನರಳಿದಳು. ಮುದುಕಿ ಗಂಜಿಯನ್ನು ಅವನ ಕೈಗೆ ತುರುಕಿ, ಸೆರಗು ಸಿಕ್ಕಿಸಿ ನುಗ್ಗಿದಳು. ದ್ಯಾವಪ್ಪ ಜಗುಲಿಯಲ್ಲಿ ಕೂತ. ತಲೆ ತಗ್ಗಿಸಿ ಹೋಗುತ್ತಿದ್ದವನೇ ಈಗ ಪಕ್ಕದಲ್ಲಿ ಕೂತು, ಬಾಯಿಗೆ ಬಿಡುವೇ ಕೊಡದೆ ಮಾತಾಡಿದ. ದೀಪಕ್ಕೆ ಇನ್ನೊಮ್ಮೆ ಎಣ್ಣೆ ಹಾಕುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತು. ಕಟ್ಟಿದ ಗಂಟು ಬಿಚ್ಚಿ, ಒಳಗಿದ್ದ ಸೀರೆಯಲ್ಲೇ ಮಗುವನ್ನು ಸುತ್ತಿದರು.

ಮರುದಿನ ಮುಸ್ಸಂಜೆ ದ್ಯಾವಪ್ಪ ಬಾಗಿಲ ಮುಂದೆ ಪೇಚಾಡಿದ. ತೆರೆದರೆ ನೆರೆಯವರು ಬರೋದಿಲ್ಲ, ಹಾಕಿದರೆ ಲಕ್ಷ್ಮಿ ಬರೋದಿಲ್ಲ. ಕಡೆಗೆ ಒಂದು ಕದ ತೆರೆದ, ಒಂದು ಹಾಕಿದ.

ಮುದುಕಿ ಬಂದು ನಿಂತಳು. "ಇದೇನಯ್ಯಾ? ನಿಮ್ಮಲ್ಲಿ ಹೀಗಿಟ್ಟರೆ ಏನರ್ಥ?"

ದ್ಯಾವಪ್ಪ ತಲೆ ಕೆರೆದುಕೊಂಡ. "ಮಗು ಹುಟ್ಟಿದೆ, ಒಳಗೆ ಬನ್ನಿ ಅಂತ."

ಆ ಕೇರಿಯಲ್ಲಿ ಇವತ್ತಿಗೂ ಹೆರಿಗೆಯಾದ ಮನೆಯಲ್ಲಿ ಒಂದು ಕದ ತೆರೆದು ಒಂದು ಹಾಕಿರುತ್ತಾರಂತೆ. ಯಾಕೆ ಅಂತ ಕೇಳಿದರೆ, ಘಟ್ಟದಾಚೆಯವರ ಹಳೇ ಪದ್ಧತಿ ಅನ್ನುತ್ತಾರಂತೆ.

ಕಥೆಯ ಕದ ನಾನು ಹಾಕಿದೆ. ನಿಮ್ಮ ಮನೆಯ ಕದ ನೀವು ನೋಡಿಕೊಳ್ಳಿ.