ಭಾವಪೂರ್ಣ ಹಾಸಿಗೆ

ದೇಶವೆಲ್ಲ ರೈಲು ಅಪಘಾತಕ್ಕೆ ಮರುಗುತ್ತಿದ್ದ ವಾರ. ಬ್ಯಾನರ್ ಮುದ್ರಿಸುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಹಾಸಿಗೆ ಅಂಗಡಿಯ ಯಜಮಾನ ನಿಂತಿದ್ದ. ಅವನ ಪಕ್ಕದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಭಾಮೈದ.

“ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ‘ಹಾಸಿಗೆ ಕೊಂಡರೆ ಎರಡು ದಿಂಬು ಉಚಿತ’, ನಡುವೆ ನಿನ್ನ ಫೋಟೋ.”

“ಜನ ನಾನೂ ಹೋದೆ ಅಂದ್ಕೊಳ್ಳಲ್ವಾ ಭಾವ?”

“ಅದಕ್ಕೇ ನಮ್ಮ ಹಾಸಿಗೆ ಮೇಲೆ ಮಲಗಿಸ್ತೀನಿ. ಕಣ್ಣು ಮಾತ್ರ ಬಿಟ್ಕೊಂಡಿರು. ‘ಆ ರೈಲಿನಿಂದ ಬದುಕಿ ಬಂದವರ ಆಯ್ಕೆ’ ಅಂತ ಬರೆಸೋಣ.”

“ಮನೇಲಿ ನಾನು ಮಲಗ್ತಿರೋದು ಚಾಪೆ ಮೇಲೆ. ಆಸ್ಪತ್ರೆಯಿಂದ ಬಂದ ದಿನ ಅಕ್ಕ ಒಂದು ಹಾಸಿಗೆ ಕೇಳಿದ್ರೆ ಸ್ಟಾಕ್ ಇಲ್ಲ ಅಂದ್ರಲ್ಲ?”

“ನೆಂಟರಿಗೆಲ್ಲ ಬಿಟ್ಟಿ ಕೊಡ್ತಾ ಕೂತ್ರೆ ಅಂಗಡಿಗೇ ಶ್ರದ್ಧಾಂಜಲಿ ಹಾಕಿಸ್ಬೇಕಾಗತ್ತೆ.”

ಅಷ್ಟರಲ್ಲಿ ಮುದ್ರಿಸುವವನು ಕೇಳಿದ: “ತಾರೀಖು ಏನು ಹಾಕ್ಲಿ ಸಾರ್?”

“ತಾರೀಖು ಬೇಡಪ್ಪ. ಮುಂದಿನ ದುರಂತಕ್ಕೂ ಆಗ್ಲಿ.”

“ಆಗ್ಲೂ ನಂದೇ ಫೋಟೋನಾ?” ಅಂದ ಭಾಮೈದ.

“ಯಾಕೋ, ಇನ್ಮೇಲೆ ನೀನು ರೈಲು ಹತ್ತಲ್ವಾ?” ಅನ್ನುತ್ತಾ ಭಾವ ಅವನ ಮುರಿಯದ ಕೈ ಹಿಡಿದು, ಫೋಟೋ ತೆಗೆಸಲು ತನ್ನ ಅಂಗಡಿ ಕಡೆ ಎಳೆದುಕೊಂಡು ಹೊರಟ.